ಬಣ್ಣಗಾರ ಬಿತ್ತಿದ ಸಂಜೆಮಲ್ಲಿಗೆ

ಹೊಳೆದಂಡೆಯ ಆ ಆಶ್ರಮದಲ್ಲಿ ಕಾವಿ ಬಟ್ಟೆ ಅಷ್ಟು ಸುಲಭಕ್ಕೆ ಸಿಗುತ್ತಿರಲಿಲ್ಲ. ಸಂನ್ಯಾಸ ಬೇಕೆಂದು ಬಂದವನು ಮೊದಲು ಒಂದು ವರ್ಷ ಹೂವಿನ ಪಾತಿ ನೋಡಿಕೊಳ್ಳಬೇಕು. ತಾನೇ ಬಿತ್ತಬೇಕು, ತಾನೇ ನೀರು ಹಾಕಬೇಕು, ಬಲಿತ ಬೀಜವನ್ನು ತಾನೇ ಆಯ್ದು ಮತ್ತೆ ಬಿತ್ತಬೇಕು. ಬೀಜದಿಂದ ಬೀಜದವರೆಗೆ ಒಂದು ಬದುಕನ್ನು ನೋಡದವನಿಗೆ ತಾನು ಬಿಡುತ್ತಿರುವುದು ಏನೆಂದೇ ಗೊತ್ತಿರುವುದಿಲ್ಲ ಎಂಬುದು ಅಲ್ಲಿನ ಗುರು ನಿರ್ವಾಣಯ್ಯನವರ ವಾದ. ಎಲ್ಲರೂ ಅವರನ್ನು ಅಜ್ಜಯ್ಯ ಎಂದೇ ಕರೆಯುತ್ತಿದ್ದರು.

ಬಂದವರಲ್ಲಿ ಮುಕ್ಕಾಲು ಪಾಲು ಜನ ಮೊದಲ ಸಲ ಕಳೆ ಕೀಳುವಷ್ಟರಲ್ಲೇ ಊರು ನೆನಪಾಗಿ ಹೊರಟುಬಿಡುತ್ತಿದ್ದರು. ಅಜ್ಜಯ್ಯ ನಗುತ್ತ ಅವರಿಗೆ ದಾರಿಯ ಬುತ್ತಿ ಕಟ್ಟಿಸಿ ಕೊಡುತ್ತಿದ್ದರು.

ಚೌಡಪ್ಪ ಬಂದದ್ದು ಶ್ರಾವಣದಲ್ಲಿ. ಮೂವತ್ತರ ಆಸುಪಾಸಿನ ಆಳು, ನೇಕಾರರ ಕೇರಿಯ ಬಣ್ಣಗಾರ. ನೂಲಿಗೆ ಬಣ್ಣ ಹಾಕಿ ಹಾಕಿ ಅವನ ಉಗುರಿನ ಸುತ್ತ ನೀಲಿ ಕೂತುಬಿಟ್ಟಿತ್ತು. ಹೊಳೆಯ ಮರಳಿನಲ್ಲಿ ಎಷ್ಟು ಉಜ್ಜಿದರೂ ಅದು ಹೋಗುತ್ತಿರಲಿಲ್ಲ.

ಸಂಸಾರ ಸಾಕಾಯಿತು, ಕಾವಿ ಕೊಡಿ ಎಂದು ಅವನು ಅಜ್ಜಯ್ಯನ ಕಾಲಿಗೆ ಬಿದ್ದ. ಮನೆಯಲ್ಲಿ ಯಾರಿದ್ದಾರೆ ಎಂದು ಅವರು ಕೇಳಿದರು. ಹೆಂಡತಿ ಇದ್ದಾಳೆ, ಶಂಕರಮ್ಮ ಅಂತ, ಎಂದ.

"ಮಕ್ಕಳು?"

"ಒಂದು ಹೆಣ್ಣುಕೂಸು."

"ಹೆಸರೇನಪ್ಪ?"

"ಹೆಸರಿಡೋಕೆ ಮುಂಚೆ ಬಂದ್ಬಿಟ್ಟೆ ಅಜ್ಜಯ್ಯ."

ಅಜ್ಜಯ್ಯ ಅವನನ್ನು ಊಟಕ್ಕೆ ಎಬ್ಬಿಸಿಕೊಂಡು ಹೋದರು.

ಹೇಳದೆ ಇರುವುದು ಚೌಡಪ್ಪನ ಕೈಲಿ ಆಗಲಿಲ್ಲ. ಎಂಟು ದಿನ ಕಳೆದ ಮೇಲೆ, ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದಾಗ, ತಾನಾಗಿಯೇ ಎಲ್ಲವನ್ನೂ ಹೇಳಿಬಿಟ್ಟ. ಕೂಸಿಗೆ ಬೆಕ್ಕಿನ ಕಣ್ಣು. ತಿಳಿ ಕಂದು, ಹತ್ತಿರ ಹೋದರೆ ಒಂಚೂರು ಹಸಿರು. ತನ್ನ ಕಣ್ಣು ಕಪ್ಪು, ಹೆಂಡತಿಯದೂ ಕಪ್ಪು. ತನ್ನ ಅಪ್ಪ ಅವ್ವನದು, ಅವಳ ಅಪ್ಪ ಅವ್ವನದು, ಎಲ್ಲರದೂ ಕಪ್ಪೇ. ಕೇರಿಯ ಹೆಂಗಸರು ಬಾಣಂತಿಯನ್ನು ನೋಡಲು ಬಂದು, ಕೂಸನ್ನೂ ನೋಡಿ, ಮುಖ ಮುಖ ನೋಡಿಕೊಂಡು ಹೋದರು. ಹನ್ನೊಂದನೆಯ ದಿನ ಅವನು ಮನೆ ಬಿಟ್ಟ.

"ಬಣ್ಣದ ಹಂಡೆ ಮುಂದೆ ಇಪ್ಪತ್ತು ವರ್ಷ ನಿಂತಿದ್ದೀನಿ ಅಜ್ಜಯ್ಯ. ಕಪ್ಪಿಗೆ ಕಪ್ಪು ಸೇರಿಸಿದ್ರೆ ಬರೋದು ಕಪ್ಪೇ. ಬೇರೆ ಏನೋ ಬಂತು ಅಂದ್ರೆ ಹಂಡೆಗೆ ಯಾರೋ ಬೇರೆ ಬಣ್ಣ ಬೆರೆಸಿದಾರೆ ಅಂತಲೇ."

"ನಿನ್ನ ಹೆಂಡತಿ ಏನಂದಳು?"

ಚೌಡಪ್ಪ ನೀರು ನೋಡುತ್ತ ಹೇಳಿದ. "ಅಳಲೂ ಇಲ್ಲ. ಕಣ್ಣು ಎಲ್ಲಿಂದ ಬಂತೋ ನನಗೆ ಗೊತ್ತಿಲ್ಲ, ಕೂಸು ನಿಮ್ಮದು ಅನ್ನೋದು ಗೊತ್ತು ಅಂದ್ಲು."

ಅಜ್ಜಯ್ಯ ಅವನ ಹೆಗಲು ಹಿಡಿದುಕೊಂಡು ಎದ್ದರು. "ನಿನಗೆ ಸಂಜೆಮಲ್ಲಿಗೆ ಪಾತಿ ಕೊಡ್ತೀನಿ. ಬಾ," ಎಂದರು.

ಆಶ್ರಮದಲ್ಲಿ ಎರಡು ಕಡೆ ಸಂಜೆಮಲ್ಲಿಗೆ ಇತ್ತು. ಹೊಳೆಯ ಕಡೆಗೆ ಬರೀ ಬಿಳಿ. ಅಡುಗೆಮನೆಯ ಹಿತ್ತಲಲ್ಲಿ ಬರೀ ಕೆಂಪು. ಅಡುಗೆಯ ಚನ್ನಾಜಮ್ಮ ಸಂಜೆಯ ಪೂಜೆಗೆ ಬಿಳಿ ಹೂವನ್ನು ಬಿಡಿಸಿಕೊಂಡು ಬರುತ್ತಿದ್ದಳು. ಅರವತ್ತು ದಾಟಿದ ಹೆಂಗಸು, ಒಂದು ಕಾಲು ಸ್ವಲ್ಪ ಕುಂಟು. ಮೂವತ್ತು ವರ್ಷದಿಂದ ಅಲ್ಲಿ ಎಲ್ಲರಿಗೂ ಅನ್ನ ಬಡಿಸಿದವಳು. ಚೌಡಪ್ಪನ ಎಲೆಗೆ ಅವಳು ಯಾವಾಗಲೂ ಒಂದು ಸೌಟು ಸಾರು ಹೆಚ್ಚು ಹಾಕುತ್ತಿದ್ದಳು, ಮನೆ ಬಿಟ್ಟು ಬಂದವನು ಎಂಬ ಕನಿಕರಕ್ಕೆ.

ಅಜ್ಜಯ್ಯ ಅವನಿಗೆ ಒಂದು ವಿಚಿತ್ರ ಕೆಲಸ ಹೇಳಿಕೊಟ್ಟರು. ಕೆಂಪು ಗಿಡದಲ್ಲಿ ಸಂಜೆಗೆ ಅರಳಲಿರುವ ಮೊಗ್ಗನ್ನು ಮಧ್ಯಾಹ್ನವೇ ಮೆಲ್ಲಗೆ ಬಿಡಿಸಿ, ಒಳಗಿನ ಕೇಸರಗಳನ್ನು ಕಿತ್ತು, ನಡುವಿನ ಒಂದು ಎಳೆಯನ್ನು ಮಾತ್ರ ಉಳಿಸಬೇಕು. ಸಂಜೆ ಬಿಳಿ ಹೂವಿನ ಹಳದಿ ಹುಡಿಯನ್ನು ಆ ಎಳೆಯ ತುದಿಗೆ ತಾಗಿಸಬೇಕು. ಆಮೇಲೆ ಬೇರೆ ಯಾವ ಚಿಟ್ಟೆಯೂ ಬಂದು ಮುಟ್ಟದ ಹಾಗೆ ತೆಳುಬಟ್ಟೆಯ ಚೀಲ ತೊಡಿಸಿ ಕಟ್ಟಬೇಕು.

ಬಣ್ಣಗಾರನ ಬೆರಳುಗಳು ಸೂಕ್ಷ್ಮ ಕೆಲಸಕ್ಕೆ ಪಳಗಿದ್ದವು. ಮೂವತ್ತು ಮೊಗ್ಗಿಗೆ ಹಾಗೆ ಮಾಡಿದ. ಹನ್ನೆರಡು ಬೀಜ ಸಿಕ್ಕವು, ಕಾಳುಮೆಣಸಿನಷ್ಟು ದಪ್ಪ, ಅಷ್ಟೇ ಕಪ್ಪು.

ಮಳೆ ನಿಂತ ಮೇಲೆ ಅವನ್ನು ಬಿತ್ತಿದ. ಮಾಘ ಮುಗಿಯುವಾಗ ಗಿಡ ಹೂವಿಗೆ ಬಂತು. ಹನ್ನೆರಡೂ ಗಿಡದಲ್ಲಿ ಗುಲಾಬಿ ಬಣ್ಣ. ಕೆಂಪೂ ಇಲ್ಲ, ಬಿಳಿಯೂ ಇಲ್ಲ.

ಚೌಡಪ್ಪನಿಗೆ ಗೆದ್ದಷ್ಟು ಖುಷಿಯಾಯಿತು. ಗೆದ್ದದ್ದು ಹೆಂಡತಿಯ ಮಾತಿನ ಮೇಲೆ ಎಂಬುದೂ ಅವನಿಗೆ ಗೊತ್ತಿತ್ತು. ಅಜ್ಜಯ್ಯನನ್ನು ಕರೆದುಕೊಂಡು ಬಂದು ತೋರಿಸಿದ.

"ನೋಡಿ ಅಜ್ಜಯ್ಯ. ನಾನು ಹೇಳಲಿಲ್ವಾ? ಕೆಂಪು ಬಿಳಿ ಕಲೆತರೆ ಗುಲಾಬಿ. ಹಂಡೆ ಲೆಕ್ಕವೇ ಇಲ್ಲೂ."

"ಹೌದಪ್ಪ," ಎಂದರು ಅಜ್ಜಯ್ಯ. "ಇನ್ನು ಈ ಗುಲಾಬಿಯ ಬೀಜ ಬಿತ್ತು."

"ಗುಲಾಬಿ ಬೀಜಕ್ಕೆ ಗುಲಾಬಿ ಅಲ್ಲದೆ ಇನ್ನೇನು ಬರುತ್ತೆ? ಒಂದು ಸಲ ಬಣ್ಣಕ್ಕೆ ಅದ್ದಿದ ನೂಲು ಮತ್ತೆ ಬೆಳ್ಳಗಾಗಲ್ಲ."

"ವರ್ಷ ಮುಗಿದಿಲ್ಲವಲ್ಲ. ಬಿತ್ತು."

ಚೌಡಪ್ಪ ಗುಲಾಬಿ ಮೊಗ್ಗುಗಳಿಗೂ ಚೀಲ ತೊಡಿಸಿದ. ಯಾರೂ ಹೇಳದಿದ್ದರೂ ಇನ್ನೊಂದು ಕೆಲಸ ಮಾಡಿದ. ಆಯ್ದ ಬೀಜವನ್ನೆಲ್ಲ ಒಂದು ಬಟ್ಟೆಯಲ್ಲಿ ಹಾಕಿ ಬಣ್ಣಗಾರರ ಗಂಟು ಬಿಗಿದ. ನೂಲಿನ ಕಟ್ಟು ಹಂಡೆಯಲ್ಲಿ ಬಿಚ್ಚಿಹೋಗದಂತೆ ಅವನ ಅಪ್ಪ ಕಲಿಸಿದ ಗಂಟು ಅದು. ಹಾಕಿದವನಿಗಲ್ಲದೆ ಬೇರೆ ಯಾರಿಗೂ ಬಿಚ್ಚಲು ಬಾರದು, ಬಿಚ್ಚಿದರೆ ಹಾಗೆಯೇ ಮತ್ತೆ ಕಟ್ಟಲು ಬಾರದು. ಆ ಗಂಟನ್ನು ಅಡುಗೆಮನೆಯ ಜಂತಿಗೆ ನೇತುಹಾಕಿದ. ಮನುಷ್ಯನಿಗೆ ಒಂದು ಸಲ ಅನುಮಾನ ಹತ್ತಿಕೊಂಡರೆ ಬೀಜವನ್ನೂ ಹಾಗೆ ಬಿಡುವುದಿಲ್ಲ.

ಮುಂಗಾರಿನ ಮೊದಲ ಮಳೆ ಬಿದ್ದಾಗ ತಾನೇ ಗಂಟು ಬಿಚ್ಚಿ ಬಿತ್ತಿದ. ಹತ್ತೊಂಬತ್ತು ಗಿಡ ಬಂದವು. ಬೇಲಿ ಕಟ್ಟಿದ, ಹುಳ ಆರಿಸಿದ, ದಿನಾ ಸಂಜೆ ಪಾತಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಮೊಗ್ಗು ನೋಡಿದ. ಮನೆಯಲ್ಲಿದ್ದಿದ್ದರೆ ತೊಟ್ಟಿಲ ಪಕ್ಕ ಹೀಗೆಯೇ ಕೂತಿರುತ್ತಿದ್ದ. ಅದು ಅವನಿಗೆ ಹೊಳೆಯದೆ ಇರಲಿಲ್ಲ.

ಆಷಾಢದ ಕೊನೆಗೆ ಮೊದಲ ಹೂವು ಅರಳಿತು. ಗುಲಾಬಿ. ಸರಿ, ಎಂದುಕೊಂಡ.

ಮೂರನೆಯ ದಿನ ಒಂದು ಗಿಡದಲ್ಲಿ ಅಚ್ಚ ಕೆಂಪು ಬಂತು. ಚೌಡಪ್ಪ ಹುಬ್ಬು ಗಂಟಿಕ್ಕಿದ. ಬಣ್ಣ ಸ್ವಲ್ಪ ಗಟ್ಟಿಯಾಗಿ ಹಿಡಿದಿರಬೇಕು, ಹಂಡೆಯಲ್ಲೂ ಒಮ್ಮೊಮ್ಮೆ ಹಾಗಾಗುತ್ತೆ, ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಐದನೆಯ ದಿನ ಬಿಸಿಲು ಇಳಿಯುವ ಹೊತ್ತಿಗೆ ಮೂಲೆಯ ಗಿಡದ ಮೊಗ್ಗು ಬಿಚ್ಚಿಕೊಂಡಿತು. ಅದು ಬಿಳಿ. ಒಂದು ಚುಕ್ಕೆ ಕೆಂಪಿಲ್ಲ, ಒಗೆದು ಹಾಕಿದಂಥ ಬಿಳಿ.

ಚೌಡಪ್ಪ ಎದ್ದವನೇ ನೇರ ಅಡುಗೆಮನೆಗೆ ಹೋದ.

ಚನ್ನಾಜಮ್ಮ ಸೊಪ್ಪು ಸೋಸುತ್ತಿದ್ದಳು. ಚೌಡಪ್ಪ ಬಾಗಿಲಲ್ಲೇ ನಿಂತು ಬಾಯಿಗೆ ಬಂದದ್ದೆಲ್ಲ ಅಂದ. ಬಿಳಿ ಹೂವು ಬಿಡಿಸುವವಳು ನೀನು, ನೆಲ ಗುಡಿಸುವವಳು ನೀನು, ನನ್ನ ಗಂಟು ತೂಗುತ್ತಿದ್ದದ್ದು ನಿನ್ನ ತಲೆಯ ಮೇಲೆ, ಬಿಳಿಯ ಬೀಜ ಬೆರೆಸಿದವಳೂ ನೀನೇ ಎಂದ. ಒಂದು ವರ್ಷದ ದುಡಿಮೆ ಹಾಳು ಮಾಡಿದೆ ಎಂದ. ದಿನಾ ಅಮ್ಮ ಎಂದು ಕರೆಯುತ್ತಿದ್ದವಳನ್ನು ಅವತ್ತು ಏಕವಚನದಲ್ಲಿ ಮಾತಾಡಿಸಿದ.

ಅವಳು ಸೊಪ್ಪಿನ ಮೊರ ಕೆಳಗಿಟ್ಟಳು.

"ನಾನು ಬೆರೆಸಿಲ್ಲಪ್ಪ."

"ಹಂಗಾದ್ರೆ ಬಿಳಿ ಎಲ್ಲಿಂದ ಬಂತು?"

"ಎಲ್ಲಿಂದ ಬಂತೋ ನನಗೆ ಗೊತ್ತಿಲ್ಲ. ನಾನು ಬೆರೆಸಿಲ್ಲ ಅನ್ನೋದು ಗೊತ್ತು."

ಈ ಮಾತನ್ನು ಚೌಡಪ್ಪ ಹಿಂದೆ ಕೇಳಿದ್ದ. ಇದೇ ತಗ್ಗಿದ ದನಿ, ಇದೇ ಒಣಗಿದ ಕಣ್ಣು, ಅಂದು ಶಂಕರಮ್ಮನ ಮಡಿಲಲ್ಲಿ ಹನ್ನೊಂದು ದಿನದ ಕೂಸು.

ಅವನಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಹೊಳೆಯ ಮೆಟ್ಟಿಲಿಗೆ ಹೋದ. ಅಜ್ಜಯ್ಯ ಅಲ್ಲಿ ಕಾಲು ನೀರಿಗೆ ಬಿಟ್ಟು ಕೂತಿದ್ದರು. ಆಶ್ರಮದಲ್ಲಿ ಆಡಿದ ಜೋರು ಮಾತು ಹೊಳೆಯವರೆಗೂ ಕೇಳುತ್ತದೆ, ಅವರಿಗೂ ಕೇಳಿತ್ತು.

ಬಿಳಿ ಹೂವು ಬಂದ ವಿಷಯ ಹೇಳಿದ. ಅಜ್ಜಯ್ಯ ತಲೆ ಆಡಿಸಿದರು.

"ಬೀಜ ಯಾರು ಆಯ್ದದ್ದು?"

"ನಾನೇ."

"ಗಂಟು ಹಾಕಿದ್ದು?"

"ನಾನೇ."

"ಬಿತ್ತೋ ದಿನ ಗಂಟು ಹೇಗಿತ್ತು?"

ಆ ಬೆಳಗ್ಗೆ ತನ್ನ ಬೆರಳಿಗೆ ಸಿಕ್ಕ ಗಂಟು ಚೌಡಪ್ಪನಿಗೆ ಚೆನ್ನಾಗಿ ನೆನಪಿತ್ತು. "ನಾನು ಹಾಕಿದ ಹಂಗೇ ಇತ್ತು," ಎಂದ.

ಹೊಳೆ ಹರಿಯುತ್ತಿತ್ತು. ಆಚೆ ದಡದಲ್ಲಿ ಯಾರೋ ದನಗಳಿಗೆ ನೀರು ಕುಡಿಸುತ್ತಿದ್ದರು.

"ಹಂಗಾದ್ರೆ ಆ ಬಿಳಿ ಎಲ್ಲಿಂದ ಬಂತು ಅಜ್ಜಯ್ಯ?"

"ಎಲ್ಲಿಂದಲೂ ಬರಲಿಲ್ಲ. ಅದು ಹೋಗಿರಲೇ ಇಲ್ಲ."

ಚೌಡಪ್ಪ ತನ್ನ ನೀಲಿ ಉಗುರು ನೋಡಿಕೊಂಡ. ಅವನ ಮನಸ್ಸು ಇನ್ನೂ ಒಪ್ಪಿರಲಿಲ್ಲ. ಒಪ್ಪಿದರೆ ಮುಂದೆ ಏನೇನು ಒಪ್ಪಬೇಕಾಗುತ್ತದೆ ಎಂಬ ಹೆದರಿಕೆ ಬೇರೆ. ಗುಲಾಬಿಯಲ್ಲಾದರೆ ಬಿಳಿಯ ಛಾಯೆ ಕಾಣುತ್ತದೆ, ಒಳಗೆ ಬಿಳಿ ಇದೆ ಎಂದು ನಂಬಬಹುದು, ಎಂದು ವಾದ ಹೂಡಿದ. ನನ್ನ ಕಣ್ಣಲ್ಲಿ, ಅವಳ ಕಣ್ಣಲ್ಲಿ ಬೆಕ್ಕಿನ ಕಣ್ಣಿನ ಛಾಯೆ ಎಲ್ಲಿದೆ? ಎರಡೂ ಮಸಿಯಂಥ ಕಪ್ಪು, ಎಂದ.

ಅಜ್ಜಯ್ಯ ಅವನ ಕಡೆ ತಿರುಗಿದರು. "ನೀನು ಬಣ್ಣಗಾರ. ಕಪ್ಪು ಹಂಡೆಯಿಂದ ತೆಗೆದ ನೂಲನ್ನ ನಿನ್ನ ಕೈಗೆ ಕೊಡ್ತೀನಿ. ಅದರ ಕೆಳಗೆ ಮೊದಲು ಯಾವ ಬಣ್ಣ ಇತ್ತು ಅಂತ ಹೇಳ್ತೀಯಾ?"

"ಅದೆಂಗೆ ಹೇಳೋಕಾಗುತ್ತೆ? ಕೆಟ್ಟ ಬಣ್ಣ ಬಂದ ನೂಲನ್ನೆಲ್ಲ ನಾವು ಕಪ್ಪಿಗೇ ಹಾಕೋದು. ಕಪ್ಪು ಎಲ್ಲಾನೂ ಮುಚ್..."

ಚೌಡಪ್ಪ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

ಅಜ್ಜಯ್ಯ ಅವನ ಬೆನ್ನ ಮೇಲೆ ಕೈ ಇಟ್ಟರು. ಮೂವತ್ತು ವರ್ಷದ ಗಂಡಸು ಮಗುವಿನ ಹಾಗೆ ಅತ್ತ. ಆಚೆ ದಡದ ದನಗಳು ನೀರು ಕುಡಿದು ಹೋದವು.

ಅಳು ತಗ್ಗಿದ ಮೇಲೆ, ನಮ್ಮ ವಂಶದಲ್ಲಿ ಯಾರಿಗೆ ಅಂಥ ಕಣ್ಣಿತ್ತೋ ಎಂದು ಕೇಳಿದ. ನನಗೇನು ಗೊತ್ತು ಎಂದರು ಅಜ್ಜಯ್ಯ. ನಿನ್ನ ಕಡೆ ಒಬ್ಬರು, ಅವಳ ಕಡೆ ಒಬ್ಬರು ಎಂದೋ ಇದ್ದಿರಬೇಕು. ಮುತ್ತಜ್ಜಿಯ ಅಜ್ಜಿಯ ಕಣ್ಣು ನೋಡಿದವರು ಯಾರು ಉಳಿದಿದ್ದಾರೆ? ಯಾವ ಕಾಲದವಳೋ ಒಬ್ಬಳು ಅಷ್ಟು ದೂರದಿಂದ ನಿನ್ನ ಮನೆಗೆ ಬಂದು ತೊಟ್ಟಿಲಿಂದ ನಿನ್ನ ಮುಖ ನೋಡಿದಳು, ನೀನು ಅವಳಿಗೆ ಬೆನ್ನು ತಿರುಗಿಸಿ ಬಂದೆ ಎಂದರು. ಬೈದ ಹಾಗೆ ಹೇಳಲಿಲ್ಲ. ನೋವಾದವನ ಜೊತೆ ಮಾತಾಡುವ ಹಾಗೆ ಹೇಳಿದರು.

ಚೌಡಪ್ಪ ಎದ್ದು ಅಡುಗೆಮನೆಗೆ ಹೋದ. ಚನ್ನಾಜಮ್ಮನ ಕಾಲು ಮುಟ್ಟಿದ. ಅಮ್ಮ, ಗಂಟು ಬಿಚ್ಚಿರಲಿಲ್ಲ, ನೀವು ಬೆರೆಸಿಲ್ಲ ಅನ್ನೋದು ಗೊತ್ತಾಯ್ತು, ಎಂದ.

ಅವಳು ಅವನನ್ನು ಎಬ್ಬಿಸಿ ಎಲೆ ಹಾಕಿದಳು. ಸಾರು ಒಂದು ಸೌಟು ಹೆಚ್ಚೇ ಹಾಕಿದಳು. ಆದರೆ ಅವತ್ತು ಅವಳು ಮಾತಾಡಲಿಲ್ಲ.

ಮಾರನೆಯ ದಿನವೂ ಮಾತಾಡಲಿಲ್ಲ. ಚೌಡಪ್ಪ, ತಪ್ಪು ಒಪ್ಪಿಕೊಂಡ ಮೇಲೂ ಏಕೆ ಹೀಗೆ ಎಂದು ಅಜ್ಜಯ್ಯನ ಹತ್ತಿರ ಹೋಗಿ ಕೇಳಿದ.

ಅಜ್ಜಯ್ಯ ಬಿಳಿ ಪಾತಿಗೆ ನೀರು ಬಿಡುತ್ತಿದ್ದರು. ಚೊಂಬು ಕೆಳಗಿಟ್ಟು ಕೇಳಿದರು.

"ಆ ಗಂಟನ್ನ ಇಲಿ ಕಡಿದುಹಾಕಿದ್ದಿದ್ದರೆ ಏನು ಮಾಡ್ತಿದ್ದೆ?"

ಚೌಡಪ್ಪನಿಗೆ ಅರ್ಥವಾಗಲಿಲ್ಲ.

"ಗಂಟು ಉಳಿದಿತ್ತು, ಅದಕ್ಕೆ ಚನ್ನಾಜಮ್ಮ ಹೇಳಿದ್ದು ನಿಜ ಆಯ್ತು. ಇಲಿ ಕಡಿದಿದ್ದಿದ್ದರೆ ಸುಳ್ಳಾಗ್ತಿತ್ತಾ?"

ಆ ಪ್ರಶ್ನೆಯನ್ನು ಇಟ್ಟುಕೊಂಡು ಚೌಡಪ್ಪ ನಾಲ್ಕು ದಿನ ಓಡಾಡಿದ. ಪಾತಿಯಲ್ಲಿ ಇನ್ನೂ ಮೂರು ಗಿಡ ಬಿಳಿ ಬಿಟ್ಟವು, ಅವನ್ನು ನೋಡುವ ಉಮೇದು ಅವನಿಗಿರಲಿಲ್ಲ. ಐದನೆಯ ದಿನ ಬೆಳಗ್ಗೆ ಮತ್ತೆ ಚನ್ನಾಜಮ್ಮನ ಮುಂದೆ ಹೋಗಿ ಕೂತ. ಈ ಸಲ ಗಂಟಿನ ಸುದ್ದಿ ಎತ್ತಲಿಲ್ಲ.

"ಅಮ್ಮ, ನೀವು ಇಲ್ಲ ಅಂದಾಗಲೇ ನಾನು ನಂಬಬೇಕಿತ್ತು."

ಚನ್ನಾಜಮ್ಮ ಅವನ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಸೆರಗಿನಲ್ಲಿ ಕಣ್ಣು ಒರೆಸಿಕೊಂಡು, ಒಲೆಗೆ ಎರಡು ಸೌದೆ ತಂದುಕೊಡು ಎಂದಳು. ಅವಳ ಬಾಯಿಂದ ಬಂದ ಆ ಮಾತಿಗೆ ಅವನಿಗೆ ಹೋದ ಜೀವ ಬಂದ ಹಾಗಾಯಿತು. ಎರಡು ಕೇಳಿದರೆ ಒಂದು ಹೊರೆ ತಂದು ಹಾಕಿದ.

ಶ್ರಾವಣ ಬಂತು. ವರ್ಷ ತುಂಬಿತು. ಅಜ್ಜಯ್ಯ ನಿಯಮದ ಪ್ರಕಾರ ಕಾವಿ ಬಟ್ಟೆ ಮಡಚಿ ತಂದು ಹೊಳೆಯ ಮೆಟ್ಟಿಲ ಮೇಲಿಟ್ಟು, ಪಕ್ಕದಲ್ಲಿ ಕೂತರು. ಚೌಡಪ್ಪ ಬಟ್ಟೆಯನ್ನು ಮುಟ್ಟಲಿಲ್ಲ. ಸ್ನಾನ ಮಾಡಿ, ಬಂದ ದಿನ ಉಟ್ಟಿದ್ದ ಪಂಚೆಯನ್ನೇ ಉಟ್ಟು ನಿಂತಿದ್ದ.

"ಊರಿಗೆ ಹೋಗ್ತೀನಿ ಅಜ್ಜಯ್ಯ."

"ಹೋಗಿ ಬಾ ಮಗ."

ಕೂಸಿಗೆ ಒಂದು ಹೆಸರು ಹೇಳಿ ಎಂದು ಕೇಳಿದ. ಅದು ನನ್ನ ಕೈಲಿಲ್ಲ ಎಂದರು ಅವರು. ಒಂದು ವರ್ಷ ಕೂಸನ್ನು ಎತ್ತಿ ಆಡಿಸಿದವಳು ಏನಾದರೂ ಹೆಸರು ಹಿಡಿದು ಕರೆದೇ ಇರುತ್ತಾಳೆ, ಹೋಗಿ ಕೇಳಿ ತಿಳಿದುಕೋ ಎಂದರು.

ಚೌಡಪ್ಪ ತಲೆ ತಗ್ಗಿಸಿದ. ಅವನ ಅಂಗೈಯಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿದ ಒಂದು ಬಿಳಿ ಹೂವು ಇತ್ತು, ಮೂಲೆಯ ಗಿಡದ್ದು.

"ಇದನ್ನ ಅವಳಿಗೆ ತೋರಿಸ್ತೀನಿ. ನಡೆದದ್ದೆಲ್ಲ ಹೇಳ್ತೀನಿ. ಕೂಸು ನನ್ನದೇ ಅಂತ ಹೇಳ್ತೀನಿ."

"ಅದು ಅವಳಿಗೆ ಮೊದಲೇ ಗೊತ್ತು," ಎಂದರು ಅಜ್ಜಯ್ಯ. "ಗೊತ್ತಿಲ್ಲದ್ದು ಏನಾದರೂ ಇದ್ದರೆ ಹೇಳು."

ಚೌಡಪ್ಪ ಬಗ್ಗಿ, ಸಾಕ್ಷಿಯ ಹಾಗೆ ಹಿಡಿದಿದ್ದ ಹೂವನ್ನು ನೀರಿಗೆ ಬಿಟ್ಟ. ಅದು ಸ್ವಲ್ಪ ದೂರ ಕಾಣುತ್ತ ಹೋಯಿತು.

ಚನ್ನಾಜಮ್ಮ ಬುತ್ತಿ ತಂದುಕೊಟ್ಟಳು. ರೊಟ್ಟಿಯ ಜೊತೆ ಕೂಸಿಗೆಂದು ಬೆಲ್ಲದ ಒಂದು ಉಂಡೆ ಇಟ್ಟಿದ್ದಳು, ವರ್ಷದ ಕೂಸು ಚೀಪಲಿ ಎಂದು. ಅವನು ಬುತ್ತಿ ಹೆಗಲಿಗೆ ಹಾಕಿಕೊಂಡು ನಾಲ್ಕು ಹೆಜ್ಜೆ ಹೋದವನು ತಿರುಗಿ ನಿಂತ. ಬಂದ ದಿನಕ್ಕಿಂತ ಈಗ ಅವನ ಮುಖದಲ್ಲಿ ಹೆಚ್ಚು ಹೆದರಿಕೆ ಇತ್ತು.

"ಅವಳು ಬಾಗಿಲು ತೆಗೀದೆ ಹೋದ್ರೆ ಅಜ್ಜಯ್ಯ?"

ಅಜ್ಜಯ್ಯ ಎದ್ದು ಬಂದರು. ಸೊಂಟದಿಂದ ಒಂದು ಪುಟ್ಟ ಗಂಟು ತೆಗೆದು ಅವನ ಕೈಗೆ ಹಾಕಿದರು. ಯಾರು ಬೇಕಾದರೂ ಬಿಚ್ಚಬಹುದಾದ ಸಡಿಲ ಗಂಟು. ಒಳಗೆ ಗುಲಾಬಿ ಸಂಜೆಮಲ್ಲಿಗೆಯ ಹತ್ತಿಪ್ಪತ್ತು ಬೀಜ.

"ಬಾಗಿಲ ಪಕ್ಕ ಇದನ್ನ ಬಿತ್ತಿ ನೀರು ಹಾಕ್ತಾ ಇರು. ಅವಳ ಮಾತು ನಂಬೋಕೆ ನಿನಗೆ ಒಂದು ವರ್ಷ ಹಿಡೀತು, ಚೌಡಪ್ಪ. ನಿನ್ನ ಮಾತು ನಂಬೋಕೆ ಅವಳಿಗೂ ಅಷ್ಟು ಕೊಡು."